‘ಎಲ್ಲಿ ಮಾಡಿದ್ದು?’ ಎಂಬ ಪ್ರಶ್ನೆಗೆ ನನ್ನ ಆಕ್ಷೇಪ

ಅಂಗಡಿಯಲ್ಲಿ ಒಂದು ವಸ್ತುವನ್ನು ಕೈಗೆತ್ತಿಕೊಂಡೊಡನೆ ಅದರ ಬೆನ್ನು ತಿರುಗಿಸಿ, ಯಾವ ದೇಶದ ಹೆಸರು ಅಚ್ಚಾಗಿದೆ ಎಂದು ನೋಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ನೋಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಒಂದು ಪದವನ್ನು ಓದಿದ ಮಾತ್ರಕ್ಕೆ ವಸ್ತುವಿನ ಗುಣದೋಷಗಳೆಲ್ಲ ತಿಳಿದುಹೋದವೆಂದು ತೀರ್ಪು ಕೊಡುವುದು ವಿಚಾರವಂತರ ಲಕ್ಷಣವಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸಿದವನಾಗಿ ಈ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಬರೆಯಬೇಕೆನಿಸಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಬೇಸರಿಸಬಾರದು. ಬೇಸರವಾದರೂ ಕೊನೆಯವರೆಗೆ ಓದಬೇಕು.

ಸಂದರ್ಭವನ್ನು ಹೇಳಿಬಿಡುತ್ತೇನೆ. ನನ್ನ ಶಿಷ್ಯನೊಬ್ಬ ಅಮೆರಿಕದಲ್ಲಿ ನೆಲೆಸಿದ್ದಾನೆ. ವಾರವಿಡೀ ಕಂಪ್ಯೂಟರ್ ಕೆಲಸ; ಶನಿವಾರ, ಭಾನುವಾರಗಳಂದು ಗೆಳೆಯರೊಡನೆ ಸೇರಿ ಬೇಸ್ ಗಿಟಾರ್ ನುಡಿಸುತ್ತಾನೆ. ಆಂಪೆಗ್ ಎಂಬ ಕಂಪನಿಯ ಎಸ್‌ವಿಟಿ ಎಂಬ ಪ್ರಸಿದ್ಧ ವಾಲ್ವ್ ಆಂಪ್ಲಿಫೈಯರಿನ ಹಳೆಯ ವಿನ್ಯಾಸವನ್ನು ಈಚಿನ ವರ್ಷಗಳಲ್ಲಿ ಮತ್ತೆ ತಯಾರಿಸಿ ಮಾರಿದ್ದಾರೆ. ಅಂಥದೊಂದನ್ನು ಕೊಳ್ಳಬೇಕೆಂಬುದು ಅವನ ಬಹುಕಾಲದ ಆಸೆ. ಮಗಳ ಕಾಲೇಜು ಖರ್ಚು, ಊರಿನಲ್ಲಿರುವ ತಾಯಿಯ ಔಷಧೋಪಚಾರ ಇವುಗಳ ನಡುವೆ ಎರಡು ವರ್ಷ ಉಳಿಸಿದ ಹಣ ಅದು. ‘ಇವು ಏಷ್ಯಾದಲ್ಲಿ ತಯಾರಾದವಂತೆ, ಬಾಳಿಕೆ ಬರುತ್ತವೆಯೇ?’ ಎಂದು ತನ್ನ ಸಹಪಾಠಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದ. ನನ್ನನ್ನೂ ಆ ಗುಂಪಿಗೆ ಸೇರಿಸಿರುವುದರಿಂದ ಬಂದ ಉತ್ತರಗಳನ್ನು ಓದುವ ಭಾಗ್ಯ ನನಗೂ ಒದಗಿತು. ‘ಆ ಮಾಲು ಮುಟ್ಟಲೇಬೇಡ’ ಎಂದನೊಬ್ಬ. ‘ವಿಯೆಟ್ನಾಂನವರಿಗೆ ವಾಲ್ವ್ ಬಗ್ಗೆ ಏನು ಗೊತ್ತೋ?’ ಎಂದ ಇನ್ನೊಬ್ಬ. ‘ಅಮೆರಿಕದಲ್ಲಿ ಮಾಡಿದ ಹಳೆಯದನ್ನೇ ತಗೋ, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ’ ಎಂದ ಮತ್ತೊಬ್ಬ. ಹೀಗೆ ಬರೆದವರಲ್ಲಿ ಇಬ್ಬರು ಪೀಣ್ಯದ ಕಾರ್ಖಾನೆಗಳಲ್ಲಿ ವಿದೇಶಗಳಿಗೆ ರಫ್ತಾಗುವ ಬಿಡಿಭಾಗಗಳನ್ನು ತಯಾರಿಸಿ ಅನ್ನ ಉಣ್ಣುವವರು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬೇಸ್ ಗಿಟಾರ್ ಎಂದರೇನೆಂದು ತಿಳಿಯದ ಬಂಧುಗಳಿಗಾಗಿ ಎರಡು ಮಾತು. ಅದು ಮಂದ್ರ ಸ್ವರಗಳ ವಾದ್ಯ. ಸಾಮಾನ್ಯ ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಇಷ್ಟು ಕೆಳಗಿನ ಸ್ವರಗಳಿಗೆ ನಮ್ಮ ಕಿವಿಯ ಸಂವೇದನೆ ಕಡಿಮೆ. ಆದುದರಿಂದ ಅವು ಸಭೆಯ ಕೊನೆಯ ಸಾಲಿಗೆ ಮುಟ್ಟಬೇಕಾದರೆ ಹೆಚ್ಚು ಶಕ್ತಿ ಬೇಕು. ಎವರೆಟ್ ಹಲ್ ಎಂಬ ಡಬಲ್ ಬೇಸ್ ವಾದಕ 1940ರ ದಶಕದಲ್ಲಿ ತನ್ನ ವಾದ್ಯವನ್ನು ನೆಲದ ಮೇಲೆ ನಿಲ್ಲಿಸುವ ಗೂಟದ ಭಾಗಕ್ಕೆ ಮೈಕ್ರೋಫೋನ್ ಅಳವಡಿಸುವ ಉಪಾಯ ಕಂಡುಕೊಂಡ. ಆ ‘ಆಂಪ್ಲಿಫೈಡ್ ಪೆಗ್’ ಎಂಬುದೇ ಮುಂದೆ ‘ಆಂಪೆಗ್’ ಆಯಿತು. 1969ರಲ್ಲಿ ನ್ಯೂಜೆರ್ಸಿಯ ಲಿಂಡೆನ್‌ನಲ್ಲಿದ್ದ ಆ ಕಂಪನಿ 300 ವಾಟ್ ಸಾಮರ್ಥ್ಯದ, ಹದಿನಾಲ್ಕು ವಾಲ್ವ್‌ಗಳ ಎಸ್‌ವಿಟಿಯನ್ನು ಹೊರತಂದಿತು. ಅದರ ತಲೆಪೆಟ್ಟಿಗೆಯೊಂದೇ ಸುಮಾರು 38 ಕಿಲೋ ತೂಗುತ್ತದೆ. ಸ್ಪೀಕರ್‌ಗಳ ಪೆಟ್ಟಿಗೆ ಬೇರೆ.

ಈಗ ವಾದಕ್ಕೆ ಬರೋಣ. ‘ಅಮೆರಿಕದಲ್ಲಿ ಮಾಡಿದ್ದು ಕೆಡುವುದೇ ಇಲ್ಲ’ ಎನ್ನುವವರು ಆ ಯಂತ್ರದ ಚರಿತ್ರೆಯನ್ನು ಓದಿಲ್ಲ. 1969ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ತನ್ನ ಅಮೆರಿಕ ಪ್ರವಾಸಕ್ಕೆ ಇವೇ ಆಂಪ್ಲಿಫೈಯರುಗಳ ಆರಂಭದ ಮಾದರಿಗಳನ್ನು ಒಯ್ದಾಗ, ಅವುಗಳನ್ನು ಸುಸ್ಥಿತಿಯಲ್ಲಿಡಲೆಂದೇ ಕಂಪನಿಯ ಮನುಷ್ಯನೊಬ್ಬ ತಂಡದ ಜೊತೆಯಲ್ಲಿ ಸಂಚರಿಸಬೇಕಾಯಿತು. ಮೊದಲ ಎಸ್‌ವಿಟಿಗಳಲ್ಲಿ 6146 ಎಂಬ ಪವರ್ ವಾಲ್ವ್‌ಗಳಿದ್ದವು. ಅವು ಆ ಮಂಡಲದಲ್ಲಿ ಸ್ಥಿರವಾಗಿ ನಿಲ್ಲದ ಕಾರಣ ಕಂಪನಿ ಬಹುಬೇಗನೆ 6550 ವಾಲ್ವ್‌ಗಳಿಗೆ ಬದಲಾಯಿತು. ಇಂದು ಎಲ್ಲರೂ ಕೊಂಡಾಡುವುದು ಈ ತಿದ್ದಿದ ರೂಪವನ್ನು. ಅಂದರೆ ಅಪ್ಪಟ ಅಮೆರಿಕದ ನೆಲದಲ್ಲಿ, ಅಮೆರಿಕದ ಕೈಗಳಿಂದ ತಯಾರಾದ ಮೂಲ ಯಂತ್ರವೂ ಹುಟ್ಟಿದಾಗ ನಿರ್ದೋಷಿಯಾಗಿರಲಿಲ್ಲ. ದೋಷವನ್ನು ಗುರುತಿಸಿ ವಿನ್ಯಾಸವನ್ನು ತಿದ್ದಿದ್ದರಿಂದ ಅದು ಉತ್ತಮವಾಯಿತು. ಅದು ನಿಂತಿದ್ದ ನೆಲದ ಮಹಿಮೆಯಿಂದಲ್ಲ.

‘ಆದರೂ ಸಾರ್, ಐವತ್ತು ವರ್ಷದ ಹಳೆಯ ಆಂಪ್ಲಿಫೈಯರುಗಳು ಈಗಲೂ ನುಡಿಯುತ್ತಿವೆಯಲ್ಲ?’ ಎಂದು ನೀವು ಕೇಳಬಹುದು. ನುಡಿಯುತ್ತಿರುವುವನ್ನು ಮಾತ್ರ ನೀವು ಕಾಣುತ್ತಿದ್ದೀರಿ. ಸುಟ್ಟುಹೋಗಿ ಗುಜರಿ ಸೇರಿದವು ಸಾಕ್ಷಿ ಹೇಳಲು ಬರುವುದಿಲ್ಲ. ತರಗತಿಯಲ್ಲಿ ಉತ್ತೀರ್ಣರಾದವರನ್ನಷ್ಟೇ ಎಣಿಸಿ ‘ನಮ್ಮ ಶಾಲೆಯಲ್ಲಿ ಯಾರೂ ಅನುತ್ತೀರ್ಣರಾಗಿಲ್ಲ’ ಎಂದು ಮುಖ್ಯೋಪಾಧ್ಯಾಯರು ಘೋಷಿಸಿದರೆ ನೀವು ನಗುತ್ತಿರಲಿಲ್ಲವೇ? ಉಳಿದುಬಂದವುಗಳಲ್ಲೂ ಕೆಪಾಸಿಟರುಗಳು ಒಣಗಿ ಬದಲಾಗಿರುತ್ತವೆ, ವಾಲ್ವ್‌ಗಳು ಹಲವು ಸಲ ಬದಲಾಗಿರುತ್ತವೆ. ಯಾವನೋ ಶ್ರದ್ಧಾವಂತ ರಿಪೇರಿಗಾರನ ವರ್ಷಾನುವರ್ಷದ ದುಡಿಮೆ ಅವುಗಳ ಒಳಗೆ ಅಡಗಿರುತ್ತದೆ. ಅದರ ಪುಣ್ಯವನ್ನು ಕಾರ್ಖಾನೆಯ ವಿಳಾಸಕ್ಕೆ ಬರೆಯುವುದು ನ್ಯಾಯವಲ್ಲ.

ಇನ್ನು ‘ಅಮೆರಿಕದ್ದು’ ಎಂಬ ಮಾತಿನ ಅರ್ಥವನ್ನೇ ಬಿಡಿಸಿ ನೋಡೋಣ. ಆಂಪೆಗ್ ಕಂಪನಿ ಅನೇಕ ಒಡೆಯರ ಕೈ ದಾಟಿದೆ. 1971ರಲ್ಲಿ ಮ್ಯಾಗ್ನವಾಕ್ಸ್, 1986ರಲ್ಲಿ ಸೇಂಟ್ ಲೂಯಿಸ್ ಮ್ಯೂಸಿಕ್, 2005ರಲ್ಲಿ ಲೌಡ್ ಟೆಕ್ನಾಲಜೀಸ್, 2018ರಲ್ಲಿ ಯಮಾಹಾ ಸಮೂಹ. ಇಂದು ನೀವು ಅಮೆರಿಕದ ಹೆಸರೆಂದು ಪೂಜಿಸುವ ಆ ಫಲಕದ ಹಿಂದಿರುವುದು ಜಪಾನಿನ ಒಡೆತನ. ಲೌಡ್ ಕಂಪನಿಯ ಕಾಲದಲ್ಲಿ ತಯಾರಿಕೆಯ ಹೆಚ್ಚಿನ ಭಾಗ ಏಷ್ಯಾಕ್ಕೆ ಹೋಯಿತು. ‘ಹೆರಿಟೇಜ್’ ಎಂಬ ಹೆಚ್ಚು ಬೆಲೆಯ ಮಾದರಿಗಳನ್ನು ಮಾತ್ರ ಅಮೆರಿಕದಲ್ಲಿ ವಿನ್ಯಾಸಗೊಳಿಸಿ ಅಲ್ಲಿಯೇ ಜೋಡಿಸಿದ್ದೆಂದು ಮಾರಿದರು. ‘ಜೋಡಿಸಿದ್ದು’ ಎಂಬ ಪದವನ್ನು ಗಮನಿಸಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮದಂತೆ ಒಂದು ವಸ್ತುವನ್ನು ಯಾವ ವಿಶೇಷಣವೂ ಇಲ್ಲದೆ ‘ಅಮೆರಿಕದಲ್ಲಿ ಮಾಡಿದ್ದು’ ಎನ್ನಬೇಕಾದರೆ ಅದು ಸಂಪೂರ್ಣವಾಗಿ ಅಥವಾ ಹೆಚ್ಚುಕಡಿಮೆ ಸಂಪೂರ್ಣವಾಗಿ ಅಲ್ಲಿಯದೇ ಆಗಿರಬೇಕು. ‘ಅಲ್ಲಿ ಜೋಡಿಸಿದ್ದು’ ಎನ್ನಲು ಅಷ್ಟು ಬೇಡ. ಕನ್ನಡ ವ್ಯಾಕರಣದಲ್ಲಿ ಒಂದು ಪ್ರತ್ಯಯ ಬದಲಾದರೆ ಅರ್ಥ ಬದಲಾಗುತ್ತದೆಂದು ಕಲಿತವರು ಇಲ್ಲಿ ಒಂದು ಪದವೇ ಬದಲಾದಾಗ ಎಚ್ಚರಗೊಳ್ಳಬೇಡವೇ?

ಏಕೆ ಅಷ್ಟು ಎಚ್ಚರದಿಂದ ಬರೆಯುತ್ತಾರೆಂದರೆ, ವಾಲ್ವ್ ಆಂಪ್ಲಿಫೈಯರಿನ ಪ್ರಾಣವೇ ಹೊರದೇಶದ್ದು. ಎಸ್‌ವಿಟಿಗೆ ಬೇಕಾದ 6550 ಮತ್ತು 12ಎಎಕ್ಸ್7 ವಾಲ್ವ್‌ಗಳು ಇಂದು ಮುಖ್ಯವಾಗಿ ಬರುವುದು ರಷ್ಯಾದ ಸರಾಟೋವ್, ಸ್ಲೊವಾಕಿಯಾ ಮತ್ತು ಚೀನಾಗಳಿಂದ. ಟಂಗ್-ಸಾಲ್ ಎಂಬುದು ಹಿಂದೆ ಅಮೆರಿಕದ ಹೆಸರು, ಮುಲ್ಲಾರ್ಡ್ ಎಂಬುದು ಬ್ರಿಟನ್ನಿನ ಹೆಸರು. ಈ ಎರಡು ಹೆಸರುಗಳನ್ನೂ ಹೊತ್ತ ಹೊಸ ವಾಲ್ವ್‌ಗಳು ಹೊರಬರುವುದು ಅದೇ ಸರಾಟೋವ್ ಕಾರ್ಖಾನೆಯಿಂದ. 2022ರ ಮಾರ್ಚಿಯಲ್ಲಿ ಉಕ್ರೇನ್ ಯುದ್ಧದ ಬೆನ್ನಲ್ಲೇ ರಷ್ಯಾ ರಫ್ತು ನಿರ್ಬಂಧ ಹೇರಿದಾಗ, ಆ ಕಾರ್ಖಾನೆಯ ಒಡೆಯನಾದ ನ್ಯೂಯಾರ್ಕಿನ ಮೈಕ್ ಮ್ಯಾಥ್ಯೂಸ್ ಸರಬರಾಜು ನಿಂತಿತೆಂದು ಪ್ರಕಟಿಸಿದ. ಅಮೆರಿಕದ ಗಿಟಾರ್ ಲೋಕವೆಲ್ಲ ತಲ್ಲಣಿಸಿತು. ಕೆಲವೇ ವಾರಗಳಲ್ಲಿ ಸರಬರಾಜು ಮತ್ತೆ ಆರಂಭವಾಯಿತಾದರೂ ಬೆಲೆ ಏರಿತು. ಪೆಟ್ಟಿಗೆಯ ಬೆನ್ನಿನ ಮೇಲೆ ಯಾವ ಬಾವುಟವನ್ನೇ ಅಂಟಿಸಿದರೂ ಒಳಗಿನ ಗಾಜಿನ ಬುರುಡೆಗಳು ಯಾರ ಬಾವುಟಕ್ಕೂ ಸೇರಿದವಲ್ಲ.

ನಮ್ಮದೇ ನಾಡಿನ ಉದಾಹರಣೆಯೊಂದನ್ನು ಕೇಳಿ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿಯ ಸಹಯೋಗದಿಂದ ರೇಡಿಯೋ ವಾಲ್ವ್‌ಗಳ ತಯಾರಿಕೆಯನ್ನು ಆರಂಭಿಸಿತು. ನಾನು ಬಾಲಕನಾಗಿದ್ದಾಗ ನಮ್ಮೂರಿನ ರೇಡಿಯೋ ರಿಪೇರಿ ಅಂಗಡಿಗೆ ಬರುತ್ತಿದ್ದ ದೊಡ್ಡ ಮನುಷ್ಯರು ‘ಬಿಇಎಲ್ ಬೇಡ, ಫಾರಿನ್ ಫಿಲಿಪ್ಸ್ ವಾಲ್ವೇ ಹಾಕಿ’ ಎಂದು ಹಟ ಹಿಡಿಯುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಅದೇ ತಂತ್ರಜ್ಞಾನ, ಆದರೂ ಜಾಲಹಳ್ಳಿಯ ಕೈ ಎಂಬ ಕಾರಣಕ್ಕೆ ತಿರಸ್ಕಾರ. ಇಂದು ಅದೇ ಬಿಇಎಲ್‌ನ ಹಳೆಯ, ಬಳಸದೆ ಉಳಿದ ವಾಲ್ವ್‌ಗಳನ್ನು ಹೊರದೇಶದ ವ್ಯಾಪಾರಿಗಳು ಹೆಸರು ಹೇಳಿ ಮಾರುತ್ತಾರೆ. ಆಸಕ್ತರು ಹುಡುಕಿ ಕೊಳ್ಳುತ್ತಾರೆ. ವಾಲ್ವ್ ಅಂದೂ ಅದೇ, ಇಂದೂ ಅದೇ. ಬದಲಾದದ್ದು ನೋಡುವವರ ಕಣ್ಣು.

ಇನ್ನೊಂದು ನಿದರ್ಶನ. 1962ರಲ್ಲಿ ಲಂಡನ್ನಿನಲ್ಲಿ ಜಿಮ್ ಮಾರ್ಷಲ್‌ನ ಅಂಗಡಿಯವರು ಅಮೆರಿಕದ ಫೆಂಡರ್ ಬಾಸ್‌ಮನ್ ಎಂಬ ಬೇಸ್ ಆಂಪ್ಲಿಫೈಯರಿನ ಮಂಡಲವನ್ನು ಆಧಾರವಾಗಿಟ್ಟುಕೊಂಡು, ಇಂಗ್ಲೆಂಡಿನಲ್ಲಿ ಸಿಕ್ಕ ಬಿಡಿಭಾಗಗಳಿಂದ ತಮ್ಮದೊಂದನ್ನು ಕಟ್ಟಿದರು. ಪರದೇಶದಲ್ಲಿ ಹುಟ್ಟಿದ ನಕಲೆಂದು ಜನ ಅದನ್ನು ತಳ್ಳಿಹಾಕಿದ್ದರೆ ಮಾರ್ಷಲ್ ಎಂಬ ಹೆಸರನ್ನು ಇಂದು ಯಾರೂ ಕೇಳುತ್ತಿರಲಿಲ್ಲ. ಇಂಗ್ಲೆಂಡಿಗೆ ಸಲ್ಲುವ ಔದಾರ್ಯ ವಿಯೆಟ್ನಾಮಿಗೆ ಏಕೆ ಸಲ್ಲದು? ಈ ಪ್ರಶ್ನೆಗೆ ಉತ್ತರಿಸುವ ಮೊದಲು ಪ್ರತಿಯೊಬ್ಬರೂ ತಮ್ಮ ಅಂತರಂಗವನ್ನು ಸ್ವಲ್ಪ ಕೆದಕಿ ನೋಡಿಕೊಳ್ಳುವುದು ಒಳ್ಳೆಯದು.

ಹಾಗೆಂದು ತಯಾರಿಕೆಯನ್ನು ಸಾಗರದಾಚೆ ಒಯ್ಯುವುದೆಲ್ಲ ನಿರುಪದ್ರವಿ ಎಂದು ನಾನು ಹೇಳುತ್ತಿಲ್ಲ. ಒಯ್ಯುವುದು ಖರ್ಚು ತಗ್ಗಿಸಲಿಕ್ಕೆ. ಕೂಲಿಯಲ್ಲಿ ಉಳಿಸಲು ಹೊರಟವನು ಕಬ್ಬಿಣದಲ್ಲಿ, ತಾಮ್ರದಲ್ಲಿ, ಪರೀಕ್ಷೆಯ ಸಮಯದಲ್ಲಿಯೂ ಉಳಿಸಬಹುದು. ಹಳೆಯ ಹೆಸರಿನ ಬೆಲೆಯನ್ನು ಗ್ರಾಹಕನಿಂದ ಪಡೆದು, ಉಳಿತಾಯವನ್ನು ತಾನೇ ಇಟ್ಟುಕೊಳ್ಳಬಹುದು. ಕೆಲಸ ಕಳೆದುಕೊಂಡ ಅಮೆರಿಕದ ಕಾರ್ಮಿಕನ ಸಂಕಟವೂ ಸುಳ್ಳಲ್ಲ. ಆದರೆ ತೆಳುವಾದ ಟ್ರಾನ್ಸ್‌ಫಾರ್ಮರ್ ಸಾಕೆಂದು ತೀರ್ಮಾನಿಸುವವನು ಬೆಸುಗೆ ಹಾಕುವ ಹೆಣ್ಣುಮಗಳಲ್ಲ. ತಂಪು ಕೋಣೆಯಲ್ಲಿ ಕುಳಿತು ಲೆಕ್ಕ ಹಾಕುವ ಅಧಿಕಾರಿ. ಅವನು ಬಹುಮಟ್ಟಿಗೆ ಇರುವುದು ನೀವು ನಂಬುವ ದೇಶದಲ್ಲಿಯೇ. ಕೋಪ ಬರುವುದಾದರೆ ಅವನ ಮೇಲೆ ಬರಲಿ.

ಹಾಗಾದರೆ ಕೊಳ್ಳುವವನು ಏನನ್ನು ನೋಡಬೇಕು? ಮೊದಲನೆಯದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ವಾಲ್ವ್‌ಗಳ ಹೆಚ್ಚಿನ ವೋಲ್ಟೇಜನ್ನು ಸ್ಪೀಕರಿಗೆ ಹೊಂದುವಂತೆ ಇಳಿಸುವುದು ಅದು. ಸ್ವರ ಕೆಳಗಿಳಿದಷ್ಟೂ ಅದರ ತಿರುಳಿನ ಕಬ್ಬಿಣ ಹೆಚ್ಚು ಬೇಕು. ಬೇಸ್ ಆಂಪ್ಲಿಫೈಯರಿನಲ್ಲಿ ಜಿಪುಣತನ ಮಾಡಿದರೆ ಮೊದಲು ತಿಳಿಯುವುದು ಇಲ್ಲಿಯೇ. ಎರಡನೆಯದು ವಾಲ್ವ್ ಸಾಕೆಟ್. ಅದನ್ನು ನೇರವಾಗಿ ಪಿಸಿಬಿಗೆ ಬೆಸೆದಿದ್ದರೆ ಶಾಖದಿಂದಲೂ ವಾಲ್ವ್ ಕೀಳುವ, ಹಾಕುವ ಅಲುಗಾಟದಿಂದಲೂ ಬೆಸುಗೆ ಬಿರುಕು ಬಿಡುವ ಸಂಭವ ಹೆಚ್ಚು. ಲೋಹದ ಚೌಕಟ್ಟಿಗೆ ಬಿಗಿದು ತಂತಿಯಿಂದ ಜೋಡಿಸಿದ್ದರೆ ಅಷ್ಟು ಭಯವಿಲ್ಲ. ಪಿಸಿಬಿ ಎಂದೊಡನೆ ಮೂಗು ಮುರಿಯಬೇಕಿಲ್ಲ. ಹಲಗೆ ದಪ್ಪನಾಗಿದ್ದು ಬಿಸಿ ಭಾಗಗಳಿಂದ ದೂರವಿದ್ದರೆ ಅದೂ ಬಾಳುತ್ತದೆ.

ಮೂರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ರಿಪೇರಿ. ವಾಲ್ವ್ ಯಂತ್ರ ಕೆಟ್ಟೇ ಕೆಡುತ್ತದೆ. ಟೈರಿನಂತೆ ವಾಲ್ವ್ ಕೂಡ ಸವೆಯುವ ಪದಾರ್ಥ. ನಿನ್ನ ಊರಿನಿಂದ ಒಂದು ಗಂಟೆಯ ದಾರಿಯೊಳಗೆ ವಾಲ್ವ್ ಬಲ್ಲ ರಿಪೇರಿಗಾರನಿದ್ದಾನೆಯೇ? ಮಂಡಲದ ನಕ್ಷೆ ಅವನಿಗೆ ದೊರೆಯುತ್ತದೆಯೇ? ವಾರಂಟಿ ಎಷ್ಟು ವರ್ಷ, ವಾಲ್ವ್‌ಗಳಿಗೆ ಎಷ್ಟು ದಿನ? ಸಾಮಾನ್ಯವಾಗಿ ವಾಲ್ವ್‌ಗಳ ವಾರಂಟಿ ಬೇರೆ, ಅದು ಬಹಳ ಗಿಡ್ಡ. ನೀನೇ ಮುಚ್ಚಳ ತೆಗೆದು ಕೈ ಹಾಕುವ ಸಾಹಸ ಮಾತ್ರ ಬೇಡಪ್ಪ. ಒಳಗೆ ಸುಮಾರು 700 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಮುಂದೊಂದು ದಿನ ಊರಿಗೆ ಮರಳುವಾಗ ಜೊತೆಗೆ ತರುವ ಯೋಚನೆಯಿದ್ದರೆ ಈಗಲೇ ನೋಡು: ಅಲ್ಲಿ 120 ವೋಲ್ಟ್, 60 ಹರ್ಟ್ಸ್, ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಕೇವಲ 60 ಹರ್ಟ್ಸ್‌ಗೆಂದು ಅಳೆದು ಮಾಡಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಬಿಸಿಯಾಗುತ್ತದೆ. ಈ ಯಾವ ಪ್ರಶ್ನೆಗೂ ದೇಶದ ಹೆಸರು ಉತ್ತರವಾಗಲಾರದು.

ನನ್ನ ಶಿಷ್ಯನಿಗೆ ನನ್ನ ಸಲಹೆ ಇಷ್ಟೇ. ಹತ್ತಿರದಲ್ಲಿ ಒಳ್ಳೆಯ ರಿಪೇರಿಗಾರನಿದ್ದು, ಅವನು ಒಳಭಾಗವನ್ನು ನೋಡಿ ಒಪ್ಪಿದರೆ, ಏಷ್ಯಾದಲ್ಲಿ ತಯಾರಾದುದನ್ನೇ ನಿಶ್ಚಿಂತೆಯಿಂದ ಕೊಳ್ಳು. ಬೆಲೆಯಲ್ಲಿ ಉಳಿದ ಹಣವನ್ನು ಮುಂದಿನ ಜೊತೆ ವಾಲ್ವ್‌ಗಳಿಗೆ ಎತ್ತಿಡು. 1970ರ ದಶಕದ ಹಳೆಯದು ಸಿಕ್ಕರೆ ಅದೂ ಸರಿಯೇ. ಕೆಪಾಸಿಟರುಗಳನ್ನು ಬದಲಾಯಿಸುವ ಖರ್ಚನ್ನು ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕು. ರಿಪೇರಿಗಾರನೇ ಇಲ್ಲದ ಊರಾದರೆ ಯಾವ ದೇಶದ್ದೂ ಬೇಡ. 300 ವಾಟ್ ನಿನಗೆ ನಿಜವಾಗಿಯೂ ಬೇಕೇ ಎಂಬುದನ್ನು ಪಕ್ಕದ ಮನೆಯವರನ್ನೂ ಒಂದು ಮಾತು ಕೇಳು.

ಪೀಣ್ಯದ ನನ್ನ ಇಬ್ಬರು ಹುಡುಗರಿಗೆ ಕೊನೆಯದಾಗಿ ಒಂದು ಮಾತು. ನೀವು ಅಳತೆ ನೋಡಿ, ಉಜ್ಜಿ, ಪರೀಕ್ಷಿಸಿ ಕಳುಹಿಸಿದ ಬಿಡಿಭಾಗವನ್ನು ಜರ್ಮನಿಯಲ್ಲೋ ಜಪಾನಿನಲ್ಲೋ ಯಾರೋ ಒಬ್ಬ ‘ಇಂಡಿಯಾ’ ಎಂದು ಓದಿದ ಮಾತ್ರಕ್ಕೆ ಪಕ್ಕಕ್ಕೆಸೆದರೆ ನಿಮಗೆ ಹೇಗಾಗುತ್ತದೆ? ಅದೇ ಅನ್ಯಾಯವನ್ನು ಕಾಣದ ಊರಿನ ಕಾಣದ ಕಾರ್ಮಿಕರಿಗೆ ನೀವು ಮಾಡಬೇಡಿ. ನನ್ನ ಮಾತನ್ನು ಒಪ್ಪದವರು ಧಾರಾಳವಾಗಿ ಬರೆಯಿರಿ, ಆದರೆ ಕಾರಣಸಹಿತ ಬರೆಯಿರಿ. ಟ್ರಾನ್ಸ್‌ಫಾರ್ಮರ್, ಸಾಕೆಟ್, ಬೆಸುಗೆ, ವಾರಂಟಿ ಯಾವುದನ್ನಾದರೂ ಎತ್ತಿ ತೋರಿಸಿ. ಬರಿಯ ದೇಶದ ಹೆಸರನ್ನು ಉತ್ತರವಾಗಿ ಬರೆದವರಿಗೆ ಅಂಕ ಕೊಡಲಾಗುವುದಿಲ್ಲ.