ನಮ್ಮ ಪೈಥಾನ್ ಲ್ಯಾಬಿಗೆ ಒಂದು ವಿಂಡೋ ಬೇಕು

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಕಳೆದ ರಂಜಾನಿನಲ್ಲಿ ನಮ್ಮ ಮನೆಯಲ್ಲಿ 800 ರೂಪಾಯಿಗೆ ಮಾತಿಗೆ ಮಾತು ಬೆಳೆಯಿತು. ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಈದ್ ಹತ್ತಿರ ಬಂದರೆ ತರಾವೀಹ್ ಮುಗಿದ ಮೇಲೂ ಮೆಷಿನ್ ನಿಲ್ಲುವುದಿಲ್ಲ. ಒಬ್ಬರು ಆಂಟಿ ಬಟ್ಟೆ ತೆಗೆದುಕೊಳ್ಳಲು ಬಂದವರು "ಅಡ್ವಾನ್ಸ್ ಅವತ್ತೇ ಕೊಟ್ಟಿದ್ದೇನಲ್ಲ" ಎಂದರು. ಅಮ್ಮಿಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಏನೂ ಇರಲಿಲ್ಲ. ಉರ್ದುವಿನಲ್ಲಿ ಬರೆದಿಡುವ ಪುಸ್ತಕ ಅದು. ಪುಟದ ತುಂಬ ಅಳತೆ, ಮೂಲೆಯಲ್ಲಿ ಎಲ್ಲೋ ಹಣದ ಲೆಕ್ಕ. ಕೊನೆಗೆ ಅಮ್ಮಿಯೇ ಸೋತು ದುಡ್ಡು ಬಿಟ್ಟರು. ಎರಡು ವಾರ ಕಳೆದ ಮೇಲೆ ಆ 800 ಇನ್ನೊಬ್ಬರ ಅಳತೆಯ ಪುಟದಲ್ಲಿ ಸಿಕ್ಕಿತು. ಆಂಟಿ ಹೇಳಿದ್ದೇ ಸರಿ. ಒಳ್ಳೆಯವರನ್ನು ಅನುಮಾನಿಸಿದೆನಲ್ಲ ಎಂದು ಅಮ್ಮಿ ಎಷ್ಟೋ ದಿನ ಬೇಜಾರು ಮಾಡಿಕೊಂಡರು.

ನಾನು ಸಿ.ಇ.ಬಿ.ಎ. ಓದುವವಳು. ಲೆಕ್ಕಶಾಸ್ತ್ರವೂ ಉಂಟು, ಪೈಥಾನೂ ಉಂಟು. ಹಾಗಾಗಿ ಒಂದು ಪ್ರೋಗ್ರಾಂ ಬರೆದೆ. ಲ್ಯಾಬಿನಲ್ಲಿ ಕಲಿತ ಹಾಗೆ ಇನ್‌ಪುಟ್, ಪ್ರಿಂಟ್, ಒಂದು ವೈಲ್ ಲೂಪ್, ಉಳಿಸಿಡಲು ಒಂದು ಫೈಲ್. ನನ್ನ ಕೈಯಲ್ಲಿ ಚೆನ್ನಾಗಿಯೇ ನಡೆಯಿತು. ಅಮ್ಮಿಯನ್ನು ಕೂರಿಸಿದೆ. ಮೊತ್ತ ಕೇಳಿದಾಗ ಅವರು 1,200 ಎಂದು ಕಾಮಾ ಹಾಕಿ ಟೈಪ್ ಮಾಡಿದರು. ಲೆಕ್ಕ ಬರೆಯುವ ಯಾರೇ ಆದರೂ ಹಾಗೆಯೇ ಬರೆಯುತ್ತಾರೆ. ಪೈಥಾನಿಗೆ ಮಾತ್ರ ಅದು ಸಂಖ್ಯೆಯಲ್ಲ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ವ್ಯಾಲ್ಯೂ ಎರರ್ ಬಂತು. ಕಂಪ್ಯೂಟರ್ ಹಾಳಾಯಿತೆಂದು ಹೆದರಿ ಅಮ್ಮಿ ಎದ್ದುಬಿಟ್ಟರು. "ನೀನೇ ಬರೆದಿಡು ಬೇಟಿ, ನನಗೆ ಬೇಡ" ಎಂದರು.

ನಮ್ಮ ಲ್ಯಾಬಿನ ಕಲಿಕೆ ನಿಲ್ಲುವುದು ಇಲ್ಲಿಯೇ ಎಂದು ನನಗೆ ಆಗ ಅನಿಸಿತು. ನಮ್ಮ ಪಠ್ಯದಲ್ಲಿ ಸ್ಟ್ಯಾಕ್ ಉಂಟು, ಕ್ಯೂ ಉಂಟು, ಸಾರ್ಟಿಂಗ್, ಎಸ್‌ಕ್ಯೂಎಲ್ ಎಲ್ಲ ಉಂಟು. ಒಂದು ಬಟನ್ ಇಡುವುದು ಹೇಗೆಂದು ಇಲ್ಲ. ನಾವು ಬರೆಯುವ ಪ್ರತಿ ಪ್ರೋಗ್ರಾಮನ್ನೂ ಬರೆದವರೇ ಓಡಿಸಬೇಕು. ಅದಕ್ಕೇ ನನ್ನ ಅಭಿಪ್ರಾಯ: ವರ್ಷದ ಕೊನೆಯ ಲ್ಯಾಬುಗಳಲ್ಲಿ ನಾವು ವಿಂಡೋ ಇರುವ ಒಂದು ಪ್ರೋಗ್ರಾಂ ಬರೆಯಬೇಕು, ಮತ್ತು ಅದನ್ನು ನಮ್ಮ ಕ್ಲಾಸಿನವರಲ್ಲದ ಒಬ್ಬರು ಬಳಸಿ ನೋಡಬೇಕು.

ಅದಕ್ಕೆ ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ. ಪೈಥಾನ್ ಹಾಕಿದರೆ ಟಿಕಿಂಟರ್ ಸಾಮಾನ್ಯವಾಗಿ ಜೊತೆಗೇ ಬರುತ್ತದೆ. ನಾವು ಪ್ರತಿ ವಾರ ತೆರೆಯುವ ಐಡಲ್ ವಿಂಡೋವನ್ನೇ ಟಿಕಿಂಟರ್‌ನಲ್ಲಿ ಬರೆದಿದ್ದಾರೆ. ಅದರ ಒಳಗಿರುವ ಟಿಕೆ ಎಂಬುದು ನಮ್ಮೆಲ್ಲರಿಗಿಂತ ಹಳೆಯದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ ಎಂಬ ಪ್ರಾಧ್ಯಾಪಕರು 1988ರಲ್ಲಿ ಟಿಸಿಎಲ್ ಎಂಬ ಚಿಕ್ಕ ಸ್ಕ್ರಿಪ್ಟಿಂಗ್ ಭಾಷೆ ಮಾಡಿದರು, ಅದರ ಬೆನ್ನಿಗೆ ಟಿಕೆ ಬಂತು. ಸಿ ಭಾಷೆಯಲ್ಲಿ ಪುಟಗಟ್ಟಲೆ ಬರೆಯಬೇಕಾಗಿದ್ದ ವಿಂಡೋ ನಾಲ್ಕೈದು ಸಾಲಿಗೆ ಇಳಿಯಿತು. ಪೈಥಾನ್ ಅದನ್ನೇ ಎರವಲು ಪಡೆದಿದೆ.

ನಾಲ್ಕೈದು ಸಾಲು ಎಂದರೆ ಸುಲಭ ಎಂದಲ್ಲ. ನನಗಾದ ಎರಡು ತಪ್ಪು ಹೇಳಿದರೆ ನಿಮ್ಮ ಒಂದು ಸಂಜೆಯಾದರೂ ಉಳಿದೀತು. ಸೇವ್ ಬಟನ್ನಿಗೆ ಫಂಕ್ಷನ್ ಹೆಸರು ಕೊಡುವಾಗ ಅಭ್ಯಾಸಬಲದಿಂದ ಬ್ರಾಕೆಟ್ ಸೇರಿಸಿದೆ. ಬ್ರಾಕೆಟ್ ಹಾಕಿದರೆ "ಈಗಲೇ ಮಾಡು" ಎಂದರ್ಥ. ವಿಂಡೋ ಕಾಣಿಸುವ ಮೊದಲೇ ಖಾಲಿ ಸಾಲೊಂದು ಫೈಲಿಗೆ ಹೋಗಿತ್ತು, ಆಮೇಲೆ ಬಟನ್ ಒತ್ತಿದರೆ ಏನೂ ಇಲ್ಲ. ಹೆಸರು ಮಾತ್ರ ಕೊಟ್ಟರೆ "ಒತ್ತಿದಾಗ ಮಾಡು" ಎಂದಾಗುತ್ತದೆ. ಎರಡನೆಯದು, ಹಳೆಯ ವೈಲ್ ಲೂಪನ್ನು ಹಾಗೆಯೇ ಬಟನ್ನಿನ ಒಳಗೆ ತುಂಬಿದ್ದು. ವಿಂಡೋ ಬೆಳ್ಳಗಾಗಿ "ನಾಟ್ ರೆಸ್ಪಾಂಡಿಂಗ್" ಎಂದು ಕಲ್ಲಿನ ಹಾಗೆ ನಿಂತಿತು.

ಯಾಕೆಂದು ಅರ್ಥವಾಗಲು ಎರಡು ದಿನ ಹಿಡಿಯಿತು. ಲ್ಯಾಬಿನ ಪ್ರೋಗ್ರಾಮಿನಲ್ಲಿ ಕಂಪ್ಯೂಟರ್ ಕೇಳುತ್ತದೆ, ಮನುಷ್ಯ ಉತ್ತರಿಸುತ್ತಾನೆ, ಅದೂ ಅದು ಕೇಳಿದ ಕ್ರಮದಲ್ಲೇ. ವಿಂಡೋ ಪ್ರೋಗ್ರಾಮಿನ ಕೊನೆಯಲ್ಲಿ ಮೇನ್‌ಲೂಪ್ ಎಂಬ ಒಂದು ಸಾಲು ಇರುತ್ತದೆ. ಅಲ್ಲಿಗೆ ಬಂದ ಮೇಲೆ ಪ್ರೋಗ್ರಾಂ ಅಂಗಡಿ ತೆರೆದು ಕುಳಿತವರ ಹಾಗೆ ಗಿರಾಕಿಗಾಗಿ ಕಾಯುತ್ತದೆ. ಯಾರು ಯಾವ ಬಟನ್ ಒತ್ತುತ್ತಾರೋ ಆ ಕೆಲಸ ಬೇಗ ಮುಗಿಸಿ ಮತ್ತೆ ಕಾಯಬೇಕು. ನಾನು ಅದನ್ನು ಒಳಗೆ ಇನ್ನೊಂದು ಲೂಪಿನಲ್ಲಿ ಸಿಕ್ಕಿಸಿ ಹಾಕಿದ್ದೆ.

ಅಮ್ಮಿ ಎರಡನೇ ಸಲ ಕುಳಿತಾಗ ಮೊದಲು ಅಡ್ವಾನ್ಸ್ ತುಂಬಿಸಿದರು, ಆಮೇಲೆ ಹೆಸರು ಆರಿಸಿದರು. ನಾನು ಹೆಸರನ್ನು ಮೇಲೆ ಇಟ್ಟಿದ್ದೆ. ಕೇಳಿದರೆ, "ದುಡ್ಡು ಮೊದಲು ಕೈಗೆ ಬರುತ್ತದಲ್ಲ" ಎಂದರು. ಹಳೆಯ ಪ್ರೋಗ್ರಾಮಿನಲ್ಲಿ ಅದು ತಪ್ಪಾಗುತ್ತಿತ್ತು. ಇಲ್ಲಿ ಏನೂ ಆಗಲಿಲ್ಲ. ಕಾಮಾ ಹಾಕಿದ್ದನ್ನು ಈ ಸಲ ನಾನೇ ತೆಗೆದುಹಾಕುವ ಹಾಗೆ ಬರೆದಿದ್ದೆ.

ಇನ್ನೊಂದು ವಿಷಯ ನಮ್ಮ ಲೆಕ್ಕಶಾಸ್ತ್ರದ ಸರ್ ಓದಿದರೆ ಖುಷಿಪಡುತ್ತಾರೆ. ಅಮ್ಮಿ ಬಂದ ಅಡ್ವಾನ್ಸನ್ನೆಲ್ಲ ಆದಾಯ ಎಂದು ಕೂಡಿಸುತ್ತಿದ್ದರು. ಹೊಲಿದು ಕೊಡುವ ತನಕ ಅದು ನಮ್ಮ ಮೇಲಿನ ಹೊಣೆ ಎಂದು ನಾವು ಕ್ಲಾಸಿನಲ್ಲಿ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಆದರೆ ಆ ಮೊತ್ತವನ್ನು ವಿಂಡೋದಲ್ಲಿ ಎಲ್ಲಿ ತೋರಿಸಲಿ, "ಗಳಿಸಿದ್ದು" ಎಂಬಲ್ಲಿಯೋ "ಕೊಡಬೇಕಾದ ಕೆಲಸ" ಎಂಬಲ್ಲಿಯೋ ಎಂದು ನಿರ್ಧರಿಸಬೇಕಾಗಿ ಬಂದಾಗಲೇ ಅದು ನನ್ನ ತಲೆಗೆ ಇಳಿದದ್ದು. ಹಾಗೆಯೇ ದಶಾಂಶದಲ್ಲಿ ಹಣ ಇಡಬಾರದು ಎಂಬುದೂ. ಪೈಥಾನಿನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, ಉತ್ತರ 0.30000000000000004 ಎಂದು ಬರುತ್ತದೆ. ನಾನು ಎಲ್ಲವನ್ನೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟಿದ್ದೇನೆ.

"ಕಾಮರ್ಸಿನವರಿಗೆ ಇದೆಲ್ಲ ಯಾಕೆ, ಟ್ಯಾಲಿ ಕಲಿತರೆ ಸಾಕು" ಎನ್ನುವವರು ನಮ್ಮ ಕ್ಲಾಸಿನಲ್ಲೇ ಇದ್ದಾರೆ. ಟ್ಯಾಲಿ ಹುಟ್ಟಿದ್ದು ಹೇಗೆ? ಬೆಂಗಳೂರಿನ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡಲು ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅವರಿಗೆ ಬರೆಯಲು ಹೇಳಿದರು. 1986ರಲ್ಲಿ ಕಂಪೆನಿ ಶುರುವಾಯಿತು, 2020ರಲ್ಲಿ ಮಗನಿಗೆ ಪದ್ಮಶ್ರೀ ಬಂತು. ಖಾತೆಗಳಿಗೆ ಕೋಡ್ ನಂಬರ್ ನೆನಪಿಡಬೇಕಾಗಿಲ್ಲ, ಹೆಸರು ಬರೆದರೆ ಸಾಕು ಎಂಬುದೇ ಅದರ ದೊಡ್ಡ ಗುಣ. ಬಳಸುವವರನ್ನು ನೋಡಿ ಬರೆದದ್ದು ಎಂದು ಅದರಲ್ಲೇ ಗೊತ್ತಾಗುತ್ತದೆ. ಇನ್ನೂ ಒಂದು ಮಾತು ಟ್ಯಾಲಿ ಕ್ಲಾಸಿನಲ್ಲಿ ನಾನು ಕೇಳಲೇ ಇಲ್ಲ. ಟ್ಯಾಲಿಯ ಪರದೆಗಳಿಗೆ ಟಿಡಿಎಲ್ ಎಂಬ ಅದರದೇ ಭಾಷೆ ಉಂಟು. ಮೆನು, ರಿಪೋರ್ಟ್, ಫಾರ್ಮ್, ಪಾರ್ಟ್, ಲೈನ್, ಫೀಲ್ಡ್ ಎಂದು ಒಂದರೊಳಗೆ ಒಂದು ಬರೆದು ಹೊಸ ಪರದೆ ಮಾಡಬಹುದು. ನಾವು ಎಫ್5 ಪೇಮೆಂಟ್, ಎಫ್6 ರಸೀದಿ, ಎಫ್8 ಸೇಲ್ಸ್ ಎಂದು ಬಾಯಿಪಾಠ ಮಾಡುತ್ತೇವೆ. ಬೇರೆಯವರು ಮಾಡಿಟ್ಟ ಡಬ್ಬಿಗಳನ್ನು ತುಂಬಿಸುವುದಷ್ಟೇ ನಮ್ಮ ಪಾಲಿನದು ಎಂದು ಯಾರು ಹೇಳಿದರು?

ಈಗ ಎಲ್ಲ ಮೊಬೈಲಿನಲ್ಲಿ, ಡೆಸ್ಕ್‌ಟಾಪ್ ಯಾರಿಗೆ ಬೇಕು ಎಂಬ ಪ್ರಶ್ನೆಯಲ್ಲಿ ಸ್ವಲ್ಪ ನಿಜವಿದೆ. ಟಿಕಿಂಟರ್ ನೋಡಲು ಹಳೆಯ ಕಾಲದ್ದರ ಹಾಗೆ ಉಂಟು, ಅದೂ ಒಪ್ಪುತ್ತೇನೆ. ಆದರೆ ಬಂದರಿನ ಸಗಟು ಅಂಗಡಿಗೋ ಹಂಪನಕಟ್ಟೆಯ ಮೆಡಿಕಲ್ ಶಾಪಿಗೋ ಹೋದಾಗ ಕೌಂಟರಿನ ಹಿಂದೆ ನೋಡಿ. ಬಿಲ್ಲು ಬರುವುದು ಕೀಬೋರ್ಡ್ ಇರುವ ಕಂಪ್ಯೂಟರಿನಿಂದ. ನಮ್ಮಲ್ಲಿ ಹೆಚ್ಚಿನವರು ನಾಳೆ ಕೆಲಸಕ್ಕೆ ಕೂರುವುದೂ ಅಂಥ ಕಡೆಯೇ.

ನಿಜವಾದ ತೊಂದರೆ ಭಾಷೆಯದು. ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಉಂಟು. ಅದರಲ್ಲಿ ಟಿಕಿಂಟರಿನ ಲೇಬಲ್ಲಿಗೆ "ಗ್ರಾಹಕರ ಹೆಸರು" ಎಂದು ಕೊಟ್ಟೆ. ಗಕಾರದ ಕೆಳಗೆ ಬರಬೇಕಾದ ಒತ್ತು ಬಿಡಿಯಾಗಿ ಪಕ್ಕದಲ್ಲಿ ನಿಂತಿತು. ಉರ್ದುವಿನಲ್ಲಿ ಕೊಟ್ಟರೆ ಇನ್ನೂ ಅವಸ್ಥೆ: ಕೂಡಿಕೊಳ್ಳಬೇಕಾದ ಅಕ್ಷರಗಳು ಬಿಡಿಬಿಡಿ, ಅದೂ ಎಡದಿಂದ ಬಲಕ್ಕೆ. ಅಕ್ಷರ ಜೋಡಿಸುವ ಕೆಲಸ ವಿಂಡೋಸ್‌ನಲ್ಲಿ ವ್ಯವಸ್ಥೆಯೇ ಮಾಡಿಕೊಡುತ್ತದೆ, ಆದ್ದರಿಂದ ಕಾಲೇಜಿನಲ್ಲಿ ಅದೇ ಪ್ರೋಗ್ರಾಂ ಸರಿಯಾಗಿ ಕಂಡಿತು. ಲಿನಕ್ಸಿನ ಟಿಕೆಗೆ ಅದು ಬರುವುದಿಲ್ಲ. ಪೈಕ್ಯೂಟಿಗೆ ಬರುತ್ತದೆ, ಆದರೆ ಅದನ್ನು ಬೇರೆ ಇನ್‌ಸ್ಟಾಲ್ ಮಾಡಬೇಕು. ಕಾಲೇಜಿನಲ್ಲಿ ಗೆಳತಿಯರ ಜೊತೆ ಬ್ಯಾರಿ, ಬರೆಯುವಾಗ ಕನ್ನಡ, ಮನೆಯಲ್ಲಿ ಉರ್ದು ಎನ್ನುವ ನನ್ನಂಥವಳಿಗೆ ಇದು ಸಣ್ಣ ವಿಷಯವಲ್ಲ. ನುಡಿಯಲ್ಲಿ ನಾವು ಒತ್ತುವ ಕೀಲಿಗಳ ವಿನ್ಯಾಸ ಮಾಡಿದ ಕೆ.ಪಿ. ರಾವ್ ಇಲ್ಲೇ ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿದವರು. ಇಂಥ ಕೆಲಸ ನಮ್ಮೂರಿನವರಿಗೆ ಹೊಸತೇನೂ ಅಲ್ಲ. ಸದ್ಯಕ್ಕೆ ಅಮ್ಮಿಯ ವಿಂಡೋದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಉರ್ದು ಪದಗಳಿವೆ. ಅಮ್ಮಿಗೆ ಅದು ಅಷ್ಟೇನೂ ಇಷ್ಟವಿಲ್ಲ.

ಪ್ರಿನ್ಸಿಪಾಲ್ ಸರ್ ಮತ್ತು ಕಂಪ್ಯೂಟರ್ ಸೈನ್ಸ್ ಮೇಡಂ ಅವರಲ್ಲಿ ನನ್ನ ಕೋರಿಕೆ ಇಷ್ಟೇ. ಪಠ್ಯ ಬದಲಾಯಿಸಲು ನಮ್ಮ ಕೈಯಲ್ಲಾಗದು, ಪರೀಕ್ಷೆಗೆ ಇದು ಬರುವುದಿಲ್ಲ, ಗೊತ್ತು. ಶನಿವಾರ ಕ್ಲಾಸ್ ಬಿಟ್ಟ ಮೇಲೆ ಒಂದು ಗಂಟೆ ಲ್ಯಾಬ್ ತೆರೆದಿಡಿ, ನಾಲ್ಕು ವಾರ ಸಾಕು. ಇಬ್ಬಿಬ್ಬರ ಗುಂಪು, ಒಂದು ಪ್ರೋಗ್ರಾಂ, ಅದನ್ನು ಬಳಸಲು ಮನೆಯಿಂದಲೋ ಅಂಗಡಿಯಿಂದಲೋ ಒಬ್ಬರು. ಅವರು ಬಳಸುವಾಗ ಬರೆದವರು ಮೌಸ್ ಮುಟ್ಟಬಾರದು, ಬಾಯಿಯೂ ಬಿಡಬಾರದು. ಬಾಯಿ ಮುಚ್ಚಿಕೊಂಡಿರುವುದೇ ಅತ್ಯಂತ ಕಷ್ಟ, ನಾನು ಮಾಡಿ ನೋಡಿದ್ದೇನೆ.

ಬರಲು ಆಸಕ್ತಿ ಇರುವವರು ಹೆಸರನ್ನು ನಮ್ಮ ಕ್ಲಾಸ್ ಲೀಡರ್ ಹತ್ತಿರ ಕೊಡಿ, ಸೈನ್ಸಿನವರೂ ಬರಬಹುದು. ಅಮ್ಮಿ ಈಗ ಆಲ್ಟರೇಷನ್ನಿಗೆ ವಾಪಸ್ ಬಂದ ಬಟ್ಟೆಗಳಿಗೆ ಬೇರೆಯೇ ಬಟನ್ ಬೇಕು ಎನ್ನುತ್ತಿದ್ದಾರೆ. ಅದನ್ನು ಎಲ್ಲಿ ಇಡುವುದೆಂದು ನನಗಿನ್ನೂ ಹೊಳೆದಿಲ್ಲ.