ಕಂಡದ್ದು ಕೇಳಿದ್ದು: ನಂಬಿಕೆ ಬಂದ ಮೇಲಿನ ಹಾಡು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು, ಬೇಸಗೆಯ ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ತನ್ನ ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಹಾಡನ್ನು ಕೇಳಿಸಿದ. ಹತ್ತು ನಿಮಿಷವಾಯಿತು, ಹದಿನೈದಾಯಿತು, ಹಾಡು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಒಮ್ಮೆ ಚೆಂಡೆಯ ಏರುಪೆಟ್ಟನ್ನು ಮೀರಿಸುವ ಅಬ್ಬರ, ಮರುಕ್ಷಣವೇ ಇಗರ್ಜಿಯೊಳಗಿನ ಪ್ರಾರ್ಥನೆಯಂತಹ ಮಂದ್ರ ನಾದ. "ಇದು ಯಾವ ಪ್ರಸಂಗವಯ್ಯಾ, ಬೆಳಗಿನವರೆಗೂ ಉಂಟೋ?" ಎಂದು ಕೇಳಿದೆವು. ಅವನು ನಕ್ಕು, "ಮಾಷ್ಟ್ರೇ, ಇದಕ್ಕೆ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರೆ. ಇದನ್ನು ಕಟ್ಟಿದವರು ದೇವರಿಗಾಗಿ ತಮ್ಮ ತಂಡವನ್ನೇ ಬಿಟ್ಟು ಬಂದವರು" ಎಂದ.

ರಾಕ್ ಸಂಗೀತವೆಂದರೆ ಉದ್ದ ಕೂದಲು, ಹೊಗೆ, ಗದ್ದಲ ಎಂಬಷ್ಟೇ ನಮ್ಮ ತಿಳಿವಳಿಕೆಯಾಗಿತ್ತು. ಅದರಲ್ಲಿ ದೇವರಿಗಾಗಿ ಏನನ್ನಾದರೂ ಬಿಡುವವರು ಇದ್ದಾರೆಂಬ ಮಾತು ನಮ್ಮನ್ನು ಕೆಣಕಿತು. ಆ ಹುಡುಗ ಕಳುಹಿಸಿಕೊಟ್ಟ ಹಾಡುಗಳನ್ನೂ ಬರಹಗಳನ್ನೂ ಆಮೇಲೆ ಕೆಲವು ತಿಂಗಳು ಬಿಡುವಾದಾಗಲೆಲ್ಲ ಕೇಳಿದೆವು, ಓದಿದೆವು. ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ, ವಾಚಕರು ಕ್ಷಮಿಸಬೇಕು.

ಮೊದಲು ಹೆಸರಿನ ವಿಚಾರ. ಪ್ರೊಗ್ರೆಸಿವ್ ಎಂದರೆ ಪ್ರಗತಿಶೀಲ ಎಂದೇ ಅರ್ಥವಾದರೂ ನಮ್ಮ ಅ.ನ.ಕೃ. ಅವರ ಕಾಲದ ಪ್ರಗತಿಶೀಲ ಸಾಹಿತ್ಯಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರಿಗೆ ಮೂರು ನಿಮಿಷದ ಪ್ರೇಮಗೀತೆಗಳು ಸಾಲದಾದವು. ಐರೋಪ್ಯ ಶಾಸ್ತ್ರೀಯ ಸಂಗೀತದ ಕಟ್ಟಡವನ್ನೂ ರಾಕ್ ಸಂಗೀತದ ಕಸುವನ್ನೂ ಕೂಡಿಸಿ, ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲನ್ನೆಲ್ಲ ಒಂದೇ ಹಾಡಿಗೆ ಕೊಡುವ ಪದ್ಧತಿಯನ್ನು ಅವರು ಬೆಳೆಸಿದರು. ಅದೇ ಈ ಪ್ರಕಾರ.

ಇವರಲ್ಲಿ ಬಹುಮಂದಿ ಭಕ್ತರಲ್ಲ. ಆದರೆ ಬಾಲ್ಯದಲ್ಲಿ ಕಿವಿಗೆ ಬಿದ್ದದ್ದು ಎಲ್ಲಿಗೆ ಹೋದೀತು? ಜೆನೆಸಿಸ್ ಎಂಬ ಹೆಸರಾಂತ ತಂಡವನ್ನು ಕಟ್ಟಿದವರು ಚಾರ್ಟರ್‌ಹೌಸ್ ಎಂಬ ಹಳೆಯ ವಸತಿಶಾಲೆಯ ಹುಡುಗರು. ಅಂತಹ ಶಾಲೆಗಳಲ್ಲಿ ಪ್ರಾರ್ಥನಾ ಮಂದಿರದ ಕೀರ್ತನೆಗಳನ್ನು ಮನಸ್ಸಿದ್ದರೂ ಇಲ್ಲದಿದ್ದರೂ ಹಾಡಲೇಬೇಕು. 1969ರಲ್ಲಿ ಬಂದ ಅವರ ಮೊದಲ ತಟ್ಟೆಗೆ ಬೈಬಲಿನ ಮೊದಲ ಮತ್ತು ಕೊನೆಯ ಪುಸ್ತಕಗಳ ಹೆಸರನ್ನು ಸೇರಿಸಿ ಶೀರ್ಷಿಕೆ ಕೊಟ್ಟಿದ್ದರು. ಅಂಗಡಿಯವರು ಅದನ್ನು ಭಕ್ತಿಗೀತೆಯೆಂದು ತಿಳಿದು ಧಾರ್ಮಿಕ ತಟ್ಟೆಗಳ ಕಪಾಟಿನಲ್ಲಿ ಇರಿಸಿದರಂತೆ. ಕೊಂಡವರು ಕೆಲವೇ ಮಂದಿ. ಮೂರು ವರ್ಷಗಳ ಬಳಿಕ, 1972ರಲ್ಲಿ, ಅದೇ ತಂಡ 'ಸಪ್ಪರ್ಸ್ ರೆಡಿ' ಎಂಬ ಸುಮಾರು 23 ನಿಮಿಷಗಳ ಹಾಡನ್ನು ಕಟ್ಟಿತು. ಅದರ ಕೊನೆಯ ಭಾಗವೆಲ್ಲ ಪ್ರಕಟನೆ ಗ್ರಂಥದ ಚಿತ್ರಗಳೇ. ಹೊಸ ಯೆರೂಸಲೇಮು ಇಳಿದು ಬರುವ ಆ ಘಟ್ಟವನ್ನು ಕೇಳಿದಾಗ, ಭಾಷೆಯ ಅರ್ಧ ತಿಳಿಯದ ನಮಗೂ ಮೈ ಜುಮ್ಮೆಂದಿತು.

ವಾದ್ಯದ ಕತೆ ಇನ್ನೂ ಸ್ವಾರಸ್ಯಕರ. ಈ ಸಂಗೀತದ ಬೆನ್ನೆಲುಬೆನ್ನಬಹುದಾದ ಹ್ಯಾಮಂಡ್ ಆರ್ಗನ್ 1935ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು ಮುಖ್ಯವಾಗಿ ಇಗರ್ಜಿಗಳಿಗಾಗಿ. ಕೊಳವೆಗಳ ದೊಡ್ಡ ಆರ್ಗನ್ನನ್ನು ಕೊಳ್ಳಲಾರದ ಸಣ್ಣ ಇಗರ್ಜಿಗಳಿಗೆ ಅಗ್ಗದ ವಿದ್ಯುತ್ ವಾದ್ಯವೆಂದು ಅದನ್ನು ಮಾರಿದರು. ಅದು ಅಲ್ಲಿಂದ ಜಾಸ್ ಮನೆಗಳಿಗೆ, ಮುಂದೆ ರಾಕ್ ವೇದಿಕೆಗೆ ನಡೆಯಿತು. ಕೀತ್ ಎಮರ್ಸನ್ ಎಂಬ ಪ್ರಚಂಡ ವಾದಕರು ಸ್ವರದ ಮಣೆಗಳು ಒತ್ತಿಕೊಂಡೇ ಇರಲೆಂದು ಅವುಗಳ ಸಂದಿಗೆ ಕಠಾರಿ ಚುಚ್ಚುತ್ತಿದ್ದರು. ಹಾರ್ಮೋನಿಯಮ್ಮನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ನುಡಿಸಲು ಕುಳಿತುಕೊಳ್ಳುವ ನಮ್ಮಂತಹವರಿಗೆ ಇದು ಸಹಿಸಲಾರದ ನೋಟವೇ ಸರಿ.

ಇನ್ನೊಂದು ಸಂಗತಿ ನಮ್ಮ ನೆಲಕ್ಕೇ ತಾಗಿ ಹೋಗುವಂತಹದು. ಯೆಸ್ ಎಂಬ ತಂಡ 1972ರಲ್ಲಿ 'ಕ್ಲೋಸ್ ಟು ದಿ ಎಡ್ಜ್' ಎಂಬ ದೀರ್ಘ ಹಾಡನ್ನು ಮುದ್ರಿಸಿತು. ಅದರ ನಡುವೆ ಬರುವ ಕೊಳವೆ ಆರ್ಗನ್ನನ್ನು ರಿಕ್ ವೇಕ್‌ಮನ್ ಅವರು ಲಂಡನ್ನಿನ ಕ್ರಿಪಲ್‌ಗೇಟಿನಲ್ಲಿರುವ ಸಂತ ಜೈಲ್ಸರ ಹಳೆಯ ಇಗರ್ಜಿಯಲ್ಲಿ ನುಡಿಸಿದರು. ಆ ಹಾಡಿಗೆ ಪ್ರೇರಣೆಯಾದದ್ದೋ ಹರ್ಮನ್ ಹೆಸ್ಸೆಯವರ 'ಸಿದ್ಧಾರ್ಥ' ಕಾದಂಬರಿ. ಬುದ್ಧನ ಕಾಲದ ನಮ್ಮ ದೇಶದ ಕತೆ. ಹೆಸ್ಸೆಯವರ ತಾಯಿ ಮರೀ ಗುಂಡರ್ಟ್ 1842ರಲ್ಲಿ ಹುಟ್ಟಿದ್ದು ತಲಶ್ಶೇರಿಯಲ್ಲಿ! ಕಾಸರಗೋಡಿನಲ್ಲಿ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಇಳಿಯುವ ಊರು. ಅಜ್ಜ ಹರ್ಮನ್ ಗುಂಡರ್ಟ್ ಮಲಯಾಳಕ್ಕೆ ನಿಘಂಟನ್ನು ಕೊಟ್ಟ ಬಾಸೆಲ್ ಮಿಶನಿನ ಪಾದ್ರಿ. ಅದೇ ಮಿಶನಿನ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳ ಬಾಗಿಲು ತೆರೆದರು. ಕಿಟ್ಟೆಲರು 1894ರಲ್ಲಿ ಕನ್ನಡದ ಮಹಾನಿಘಂಟನ್ನು ಪ್ರಕಟಿಸಿದರು. ಕ್ರಿಸ್ತನ ಸುವಾರ್ತೆಯನ್ನು ಸಾರಲು ಈ ಕರಾವಳಿಗೆ ಬಂದ ಮನೆತನದ ಮೊಮ್ಮಗ ಬುದ್ಧನ ಕತೆಯತ್ತ ತಿರುಗಿದ. ಅದು ಅರ್ಧ ಶತಮಾನದ ಬಳಿಕ ಲಂಡನ್ನಿನ ಇಗರ್ಜಿಯೊಂದರ ಆರ್ಗನ್ನಿನಲ್ಲಿ ನುಡಿಯಿತು. ಪರಿಶೀಲಿಸಿ ನೋಡಿದರೆ ಯಾವ ಧರ್ಮದ ನಾದವೂ ಒಂದೇ ಮನೆಯೊಳಗೆ ನಿಂತಿಲ್ಲ.

ಇಗರ್ಜಿಯನ್ನು ಟೀಕಿಸಿದವರೂ ಇದ್ದರು. ಜೆಥ್ರೊ ಟಲ್ ತಂಡದ 1971ರ 'ಆಕ್ವಾಲಂಗ್' ತಟ್ಟೆಯ ಎರಡನೆಯ ಮಗ್ಗುಲಿನಲ್ಲಿ ದೇವರನ್ನು ಸಂಸ್ಥೆಯ ಸ್ವತ್ತಾಗಿಸಿಕೊಂಡವರ ಮೇಲೆ ಕಟುವಾದ ಮಾತುಗಳಿವೆ. ಇರಲಿ. ಇಲ್ಲಿಯವರೆಗೆ ಹೇಳಿದ್ದು ಪ್ರಭಾವದ ಮಾತಾಯಿತು. ನಂಬಿಕೆಯ ಮಾತು ಬೇರೆಯೇ. ಅದಕ್ಕೆ ಬೆಲೆ ತೆರಬೇಕಾಗುತ್ತದೆ.

ಅಮೆರಿಕದ ನಡುಭಾಗದ ಟೊಪೀಕಾ ಎಂಬ ಊರಿನಿಂದ ಹೊರಟ ತಂಡ ಕ್ಯಾನ್ಸಸ್. ಅದರ ಮುಖ್ಯ ರಚನಕಾರರಲ್ಲಿ ಒಬ್ಬರು 1949ರಲ್ಲಿ ಹುಟ್ಟಿದ ಕೆರಿ ಲಿವ್‌ಗ್ರೆನ್. 1976ರ 'ಲೆಫ್ಟೋವರ್ಚರ್', 1977ರ 'ಪಾಯಿಂಟ್ ಆಫ್ ನೋ ರಿಟರ್ನ್' ಎಂಬ ಎರಡು ತಟ್ಟೆಗಳು ಅಮೆರಿಕವೊಂದರಲ್ಲೇ ತಲಾ 40 ಲಕ್ಷಕ್ಕೆ ಕಡಿಮೆಯಿಲ್ಲದಂತೆ ಮಾರಾಟವಾದವು. ಹಣ ಬಂತು, ಹೆಸರು ಬಂತು, ಲಿವ್‌ಗ್ರೆನ್ನರಿಗೆ ನೆಮ್ಮದಿ ಬರಲಿಲ್ಲ. ಅವರು ಪೂರ್ವದೇಶಗಳ ಧರ್ಮಗಳನ್ನು ಓದಿದರು. ಮುಂದೆ ಯುರಾಂಶಿಯ ಎಂಬ ವಿಚಿತ್ರ ಗ್ರಂಥಕ್ಕೆ ಅಂಟಿಕೊಂಡರು. ದಾರಿ ತಪ್ಪಿದ ಮಗನನ್ನು ಮುಂದೆ ನಡೆ ಎಂದು ಹುರಿದುಂಬಿಸುವ ಅವರ ಪ್ರಸಿದ್ಧ ಹಾಡು ಈ ಹುಡುಕಾಟದ ಕಾಲದ್ದು. 'ಡಸ್ಟ್ ಇನ್ ದಿ ವಿಂಡ್' ಹುಟ್ಟಿದ ಬಗೆಯಂತೂ ಸಂಗೀತ ಕಲಿಸುವ ನಮ್ಮ ಮಿತ್ರರೆಲ್ಲ ಕೇಳಬೇಕಾದದ್ದು. ಗಿಟಾರಿನಲ್ಲಿ ಬೆರಳು ಪಳಗಿಸಲು ಅವರು ನುಡಿಸುತ್ತಿದ್ದ ಒಂದು ಪಾಠವನ್ನು, ನಮ್ಮ ಸರಳೆ ವರಸೆಯಂತಹದನ್ನು, ಮನೆಯಾಕೆ ಕೇಳಿ, ಇದು ಚೆನ್ನಾಗಿದೆ, ಇದಕ್ಕೆ ಮಾತು ಹಾಕಿ ಎಂದರಂತೆ. ಮನುಷ್ಯ ಮಣ್ಣೇ, ಮಣ್ಣಿಗೇ ಸೇರುತ್ತಾನೆಂಬ ಬೈಬಲಿನ ಮಾತಿಗೆ ಹತ್ತಿರವಾದ ಆ ಹಾಡನ್ನು ಬರೆದಾಗ ಅವರು ಕ್ರೈಸ್ತರಾಗಿರಲಿಲ್ಲವೆಂಬುದನ್ನು ಗಮನಿಸಬೇಕು.

1979ರ ಪ್ರವಾಸದಲ್ಲಿ ಅವರ ತಂಡಕ್ಕಿಂತ ಮೊದಲು ವೇದಿಕೆಯೇರುತ್ತಿದ್ದ ಇನ್ನೊಂದು ತಂಡದ ಗಾಯಕ ಜೆಫ್ ಪೊಲಾರ್ಡ್ ಬಸ್ಸಿನಲ್ಲಿಯೂ ಬಿಡಾರದಲ್ಲಿಯೂ ಲಿವ್‌ಗ್ರೆನ್ನರೊಡನೆ ವಾದಕ್ಕೆ ಕುಳಿತರು. ಯುರಾಂಶಿಯ ಒಂದು ಕಡೆ, ಬೈಬಲು ಇನ್ನೊಂದು ಕಡೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳ ಹಾಗೆ ಬಿಟ್ಟುಕೊಡದ ವಾದ. ಕೊನೆಗೊಂದು ರಾತ್ರಿ ಹೋಟೆಲಿನ ಕೋಣೆಯಲ್ಲಿ ಲಿವ್‌ಗ್ರೆನ್ನರು ಸೋತರು, ಅಥವಾ ಗೆದ್ದರು. ವಾಚಕರು ತಮಗೆ ತೋಚಿದ ಕ್ರಿಯಾಪದವನ್ನು ಹಾಕಿಕೊಳ್ಳಬಹುದು. ತಂಡದ ಬಾಸ್ ಗಿಟಾರ್ ವಾದಕ ಡೇವ್ ಹೋಪ್ ಕೂಡ ಅದೇ ದಾರಿ ಹಿಡಿದು ಮುಂದೆ ಆಂಗ್ಲಿಕನ್ ಪಾದ್ರಿಯಾದರು.

ಇಲ್ಲಿಂದ ತೊಡಕು. ಲಿವ್‌ಗ್ರೆನ್ನರು ಬರೆಯುವ ಮಾತುಗಳಲ್ಲಿ ಇನ್ನು ಮೇಲೆ ಕ್ರಿಸ್ತನಿದ್ದಾನೆ. ಆದರೆ ಆ ಮಾತುಗಳನ್ನು ಹಾಡಬೇಕಾದವರು ಸ್ಟೀವ್ ವಾಲ್ಶ್. ತಾನು ನಂಬದ್ದನ್ನು ನಂಬಿದವನಂತೆ ಜನರೆದುರು ಹಾಡುವುದು ಹೇಗೆ? ವೇಷ ಕಟ್ಟಿದ ಭಾಗವತಿಕೆಯಲ್ಲವಲ್ಲ, ತನ್ನದೇ ಹೆಸರಿನಲ್ಲಿ ನಿಂತು ಹಾಡುವುದು. 1981ರಲ್ಲಿ ವಾಲ್ಶ್ ತಂಡ ಬಿಟ್ಟರು. ಕಾರಣಗಳಲ್ಲಿ ಇದೂ ಒಂದು. ಹೊಸ ಗಾಯಕನೊಡನೆ 1982ರಲ್ಲಿ ಬಂದ ತಟ್ಟೆಯನ್ನು ಕ್ರೈಸ್ತ ಪುಸ್ತಕದಂಗಡಿಗಳೂ ಮಾರಿದವು. ಹಳೆಯ ಕೇಳುಗರು ಮಾತ್ರ ಕರಗುತ್ತ ಹೋದರು. 1983ರಲ್ಲಿ ಲಿವ್‌ಗ್ರೆನ್ನರೂ ಹೋಪರೂ ಹೊರನಡೆದರು. ಅತ್ತ ಭಕ್ತರ ಕಡೆಯಿಂದಲೂ ಲಿವ್‌ಗ್ರೆನ್ನರಿಗೆ ಸುಖವಿರಲಿಲ್ಲ. ಅವರ 1980ರ ಸ್ವಂತ ತಟ್ಟೆಯಲ್ಲಿ ಬ್ಲ್ಯಾಕ್ ಸಬ್ಬತ್ ತಂಡದ ರಾನಿ ಜೇಮ್ಸ್ ಡಿಯೊ ಎರಡು ಹಾಡು ಹಾಡಿದ್ದರು. ಕರಾಳ ಹೆಸರಿನ ಆ ತಂಡದವರನ್ನು ಕರೆದದ್ದು ಧರ್ಮನಿಷ್ಠರಲ್ಲಿ ಕೆಲವರಿಗೆ ಸಹ್ಯವಾಗಲಿಲ್ಲ.

ಈ ಘಟ್ಟಕ್ಕೆ ಬಂದಾಗ ನಮಗೆ ಓದು ಮುಂದುವರಿಯದೆ ನಿಂತಿತೆಂಬುದನ್ನು ಒಪ್ಪಿಕೊಳ್ಳಬೇಕು. ಅಧ್ಯಾಪಕ ತರಬೇತಿಯ ದಿನಗಳಲ್ಲಿ ನಮ್ಮ ಜೊತೆಗೆ ಹಾರ್ಮೋನಿಯಂ ನುಡಿಸುತ್ತಿದ್ದ ಸಹಪಾಠಿಯೊಬ್ಬರಿದ್ದರು. ಕೆಲಸಕ್ಕೆ ಸೇರಿದ ಮೇಲೂ ಹತ್ತು ವರ್ಷ ಶನಿವಾರದ ಭಜನೆಗೆ ಅವರದೇ ಶ್ರುತಿ. ಮುಂದೆ ಅವರು ಬೇರೊಂದು ನಂಬಿಕೆಯನ್ನು ಹಿಡಿದರು. ಜಗಳವೇನೂ ಆಗಲಿಲ್ಲ. ಅವರು ಬರುವುದನ್ನು ನಿಲ್ಲಿಸಿದರು. ನಾವು ಕರೆಯುವುದನ್ನು ನಿಲ್ಲಿಸಿದೆವು. ಯಾವುದು ಮೊದಲಾಯಿತೆಂದು ಯಾರಾದರೂ ಕೇಳಿದರೆ, ಅವರು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇವೆ.

ಜಗಲಿಯಲ್ಲಿ ಆ ಹುಡುಗ ಕೇಳಿಸಿದ ಹಾಡು ನೀಲ್ ಮೋರ್ಸ್ ಅವರದು. 1960ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಇವರು ಅಣ್ಣ ಆಲನ್ ಜೊತೆ 1992ರಲ್ಲಿ ಸ್ಪಾಕ್ಸ್ ಬಿಯರ್ಡ್ ಎಂಬ ತಂಡ ಕಟ್ಟಿದರು. ಈ ಸಂಗೀತದ ಕಾಲ ಮುಗಿಯಿತೆಂದು ಎಲ್ಲರೂ ಹೇಳುತ್ತಿದ್ದಾಗ ಅದಕ್ಕೆ ಮರುಜೀವ ಕೊಟ್ಟ ತಂಡಗಳಲ್ಲಿ ಇದೂ ಒಂದು. ಮೋರ್ಸ್ ಅವರ ಎಳೆಯ ಮಗಳ ಹೃದಯದಲ್ಲಿ ರಂಧ್ರವಿತ್ತು. ಶಸ್ತ್ರಚಿಕಿತ್ಸೆಯ ಮಾತು ನಡೆದಿತ್ತು. ಸಭೆಯವರ ಪ್ರಾರ್ಥನೆಯ ಬಳಿಕ ಅದು ಮುಚ್ಚಿಹೋಯಿತೆಂದು ಅವರು ಹಾಡಿನಲ್ಲಿಯೇ ಹೇಳಿಕೊಂಡಿದ್ದಾರೆ. ವೈದ್ಯರು ಏನೆನ್ನುವರೋ, ತಂದೆಯೊಬ್ಬನ ಕೃತಜ್ಞತೆಯ ಬಗ್ಗೆ ನಮಗೆ ವಾದವಿಲ್ಲ. 2002ರಲ್ಲಿ 'ಸ್ನೋ' ಎಂಬ ಎರಡು ತಟ್ಟೆಗಳ ದೊಡ್ಡ ಕಥಾಗೀತ ಹೊರಬಂತು. ತಂಡದ ಅತ್ಯಂತ ಮಹತ್ತ್ವಾಕಾಂಕ್ಷೆಯ ಕೃತಿ. ಅದನ್ನು ವೇದಿಕೆಗೆ ಕೊಂಡೊಯ್ಯುವ ಮೊದಲೇ, ದೇವರ ಕರೆಯೆಂದು ತಿಳಿಸಿ, ಮೋರ್ಸ್ ತಂಡ ಬಿಟ್ಟರು. ಅಣ್ಣ ತಂಡದಲ್ಲೇ ಉಳಿದರು.

ಮರುವರ್ಷ ಬಂದ 'ಟೆಸ್ಟಿಮನಿ' ಎರಡು ಗಂಟೆಗೂ ಮಿಕ್ಕಿದ ಆತ್ಮಕಥನ. ಅದಕ್ಕೆ ಡ್ರಮ್ಸ್ ಬಾರಿಸಿದವರು ಮೈಕ್ ಪೋರ್ಟ್‌ನಾಯ್; ಅದೇ ನಂಬಿಕೆಯವರಲ್ಲ, ಆದರೂ ಈ ಗೆಳೆಯನ ತಟ್ಟೆಗಳಿಗೆ ಮತ್ತೆ ಮತ್ತೆ ಬಂದು ಬಾರಿಸಿದರು. 2007ರಲ್ಲಿ ಮಾರ್ಟಿನ್ ಲೂಥರನ ಬದುಕು, 2016ರಲ್ಲಿ ಜಾನ್ ಬನ್ಯನ್ನನ ಯಾತ್ರಿಕನ ಕತೆ, ಹೀಗೆ ಒಂದರ ಮೇಲೊಂದು ಬಂದವು. ಈ ಬನ್ಯನ್ನನ ಗ್ರಂಥ 19ನೆಯ ಶತಮಾನದಲ್ಲೇ ಮಿಶನರಿಗಳ ಮೂಲಕ ಕನ್ನಡಕ್ಕೂ ಬಂದಿತ್ತು.

ಹಾಡುಗಳ ಗುಣದ ಬಗ್ಗೆ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಲಿವ್‌ಗ್ರೆನ್ನರು ಹುಡುಕುತ್ತಿದ್ದಾಗ ಬರೆದವು ಸಿಕ್ಕಿದ ಮೇಲೆ ಬರೆದವುಗಳಿಗಿಂತ ಮೇಲು. ಮೋರ್ಸ್ ಅವರಲ್ಲಿಯೂ ಉಪದೇಶ ಉದ್ದವಾದಲ್ಲಿ ಹಾಡು ಸೊರಗುತ್ತದೆ. ತನ್ನ ಸಂದೇಹವನ್ನೂ ಅಳುವನ್ನೂ ಹೇಳಿದಲ್ಲಿ ಚಿಗುರುತ್ತದೆ. ನಮ್ಮ ದಾಸರಲ್ಲಿಯೂ ಹಾಗೆಯೇ. ಊರಿಗೆ ಬುದ್ಧಿ ಹೇಳುವ ಪದಗಳಿಗಿಂತ ಹರಿಯೊಡನೆ ಜಗಳಕ್ಕೆ ನಿಂತ ಪದಗಳೇ ನಮ್ಮ ನಾಲಗೆಯ ಮೇಲೆ ಉಳಿದಿಲ್ಲವೇ? ಶಿಷ್ಯ ಈ ಮಾತನ್ನು ಒಪ್ಪಲಿಲ್ಲ. "ಮಾಷ್ಟ್ರೇ, ನೀವು ಪಾಠ ಮಾಡುವಾಗ ಮಾತ್ರ ಉಪದೇಶ ಸರಿ ಅಂತ ಉಂಟಲ್ಲ" ಎಂದುಬಿಟ್ಟ.

ಆದರೆ ಕತೆ ಅಗಲಿಕೆಯಲ್ಲಿ ಮುಗಿಯಲಿಲ್ಲ. 2000ದಲ್ಲಿ ಕ್ಯಾನ್ಸಸ್ ತಂಡದ ಮೂಲ ಸದಸ್ಯರೆಲ್ಲ ಒಂದು ತಟ್ಟೆಗಾಗಿ ಮತ್ತೆ ಕೂಡಿದರು. ಹಾಡುಗಳಷ್ಟನ್ನೂ ಬರೆದವರು ಲಿವ್‌ಗ್ರೆನ್. ಅವುಗಳಲ್ಲಿ ಹೆಚ್ಚಿನವನ್ನು ಹಾಡಿದವರು ಅದೇ ವಾಲ್ಶ್! ಒಬ್ಬರು ನಂಬಿಕೆಯನ್ನು ಬಿಟ್ಟುಕೊಡಲಿಲ್ಲ. ಇನ್ನೊಬ್ಬರನ್ನು ನಂಬಿಸಿಯೂ ಆಗಿರಲಿಲ್ಲ. 2016ರಲ್ಲಿ ಟೆನೆಸಿಯಲ್ಲಿ ಸ್ಪಾಕ್ಸ್ ಬಿಯರ್ಡ್ ತಂಡದ ಹಳಬರೂ ಹೊಸಬರೂ ನೀಲ್ ಮೋರ್ಸ್ ಅವರೊಡನೆ ನಿಂತು 'ಸ್ನೋ' ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ವೇದಿಕೆಯಲ್ಲಿ ನುಡಿಸಿದರು. ಹದಿನಾಲ್ಕು ವರ್ಷ ತಡವಾಗಿ. ಅದರ ದೃಶ್ಯವನ್ನು ಶಿಷ್ಯ ತೋರಿಸಿದ. ಅಣ್ಣ ಗಿಟಾರ್ ಹಿಡಿದು ಒಂದು ಮಗ್ಗುಲಲ್ಲಿ, ತಮ್ಮ ಹಾಡುತ್ತ ಇನ್ನೊಂದು ಮಗ್ಗುಲಲ್ಲಿ. ನಾವು ಎರಡು ಸಲ ನೋಡಿದೆವು.

ನಮ್ಮ ಹಾರ್ಮೋನಿಯಂ ಮಿತ್ರರು ನಿವೃತ್ತಿಗೆ ಮೊದಲೇ ಕೆಲಸ ಬಿಟ್ಟು ಈಗ ಇಲ್ಲಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿ ಅಡಕೆ ತೋಟ ನೋಡಿಕೊಂಡಿದ್ದಾರೆಂದು ಕೇಳಿದ್ದೇವೆ. ಬೆಳಿಗ್ಗೆ ಎಂಟೂಕಾಲಕ್ಕೆ ಆ ಕಡೆಗೊಂದು ಬಸ್ಸಿದೆ. ಓಣಂ ರಜೆಯಲ್ಲಿ ಹೋಗಿಬರಬೇಕೆಂದಿದ್ದೇವೆ.