ಕಣ್ಣಿನ ಪರೀಕ್ಷೆಯ ಜೊತೆಗೆ ಸಂಶೋಧನೆ

ಹೋದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಮನೆಗೆ ಬಂದಿದ್ದಳು. ಬಿ.ಆಪ್ಟಮ್ ಕೊನೆಯ ವರ್ಷದಲ್ಲಿದ್ದಾಳೆ. ಅಮೆರಿಕಕ್ಕೆ ಹೋಗಿ ಆಪ್ಟೊಮೆಟ್ರಿಯ ವೃತ್ತಿಪದವಿ, ದೃಷ್ಟಿವಿಜ್ಞಾನದಲ್ಲಿ ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಮಾಡುವ ಆಸೆ ಅವಳಿಗೆ. "ಬೇಕಾದರೆ ತೋಟ ಅಡವಿಡುತ್ತೇನೆ ಮೇಷ್ಟ್ರೇ. ಆದರೆ ಇದು ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗಾಗುವುದಿಲ್ಲವೇ?" ಎಂದರು ತಂದೆ. ಈ ಪ್ರಶ್ನೆ ಇನ್ನೂ ಕೆಲವರ ಮನೆಯಲ್ಲಿ ಇರಬಹುದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆಪ್ಟೊಮೆಟ್ರಿಸ್ಟ್ ದೃಷ್ಟಿ ಪರೀಕ್ಷಿಸಿ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್ ಸೂಚಿಸುತ್ತಾರೆ. ರೋಗದ ಸುಳಿವು ಕಂಡರೆ ನೇತ್ರವೈದ್ಯರ ಬಳಿ ಕಳಿಸುತ್ತಾರೆ. ದೃಷ್ಟಿವಿಜ್ಞಾನಿಯಾದರೋ ಕಣ್ಣಿಗೆ ಬಿದ್ದ ಬೆಳಕು ಮಿದುಳಿನಲ್ಲಿ ನೋಟವಾಗುವುದು ಹೇಗೆಂದು ಅಭ್ಯಸಿಸುತ್ತಾರೆ. ಅದಕ್ಕೆ ಭೌತವಿಜ್ಞಾನ, ನರವಿಜ್ಞಾನ, ಸಂಖ್ಯಾಶಾಸ್ತ್ರ ಎಲ್ಲವೂ ಬೇಕು.

ಎರಡೂ ಸೇರಿದರೆ ಏನು ಲಾಭ? ಒಂದು ಉದಾಹರಣೆ ನೋಡೋಣ. ಕಣ್ಣಾಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಗಳ ಚಾರ್ಟನ್ನು ನೀವೆಲ್ಲ ಕಂಡಿದ್ದೀರಿ. ಅದನ್ನು 1862ರಲ್ಲಿ ರೂಪಿಸಿದವರು ಹಾಲೆಂಡಿನ ನೇತ್ರವೈದ್ಯ ಹರ್ಮನ್ ಸ್ನೆಲೆನ್. ಮೇಲಿನ ಸಾಲಿನಲ್ಲಿ ಒಂದೇ ದೊಡ್ಡ ಅಕ್ಷರ; ಅದು 6/60. ಮುಂದಿನ ಸಾಲು ಒಮ್ಮೆಲೇ 6/36ಕ್ಕೆ ಇಳಿಯುತ್ತದೆ. ದೃಷ್ಟಿ ತೀರಾ ಮಂದವಾದವರು ಸ್ವಲ್ಪ ಸುಧಾರಿಸಿದರೂ ಎರಡನೆಯ ಸಾಲು ಓದಲಾಗದಿದ್ದರೆ, ಚಾರ್ಟಿನ ಲೆಕ್ಕದಲ್ಲಿ ಸುಧಾರಣೆ ಸೊನ್ನೆ! ಆಸ್ಟ್ರೇಲಿಯಾದ ಆಪ್ಟೊಮೆಟ್ರಿಸ್ಟರಾದ ಇಯಾನ್ ಬೇಲಿ ಮತ್ತು ಜ್ಯಾನ್ ಲವಿ 1976ರಲ್ಲಿ ಹೊಸ ಚಾರ್ಟ್ ಪ್ರಕಟಿಸಿದರು. ಪ್ರತಿ ಸಾಲಿನಲ್ಲೂ ಐದು ಅಕ್ಷರ. ಪ್ರತಿ ಸಾಲಿನ ಅಕ್ಷರದ ಗಾತ್ರ ಮೇಲಿನ ಸಾಲಿನ ಸುಮಾರು ಐದರಲ್ಲಿ ನಾಲ್ಕು ಪಾಲು. ಓದಿದ ಒಂದೊಂದು ಅಕ್ಷರಕ್ಕೂ ಅಂಕ ಸಿಗುತ್ತದೆ. ಇಂದು ಕಣ್ಣಿನ ಚಿಕಿತ್ಸೆಗಳ ಪ್ರಯೋಗಗಳಲ್ಲಿ ಈ ಮಾದರಿಯ ಚಾರ್ಟನ್ನೇ ಬಳಸುತ್ತಾರೆ. ಕೊರತೆ ಕಣ್ಣಿಗೆ ಬೀಳುವುದು ರೋಗಿಯ ಎದುರು ಕುಳಿತವರಿಗೆ. ಅದನ್ನು ಅಳೆದು, ಸರಿಪಡಿಸಿ, ಜಗತ್ತಿಗೆ ಒಪ್ಪಿಸಲು ಸಂಶೋಧನೆಯ ಶಿಸ್ತು ಬೇಕು.

ಅಮೆರಿಕದಲ್ಲಿ ಓ.ಡಿ. ಎಂಬುದು ಸಾಮಾನ್ಯವಾಗಿ ಪದವಿಯ ನಂತರದ ನಾಲ್ಕು ವರ್ಷದ ವೃತ್ತಿ ಕೋರ್ಸು. ಬರ್ಕ್ಲಿ, ಹ್ಯೂಸ್ಟನ್, ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಗಳಲ್ಲಿ ಇದರ ಜೊತೆಗೆ ಸಂಶೋಧನಾ ಪದವಿಯನ್ನೂ ಪಡೆಯಬಹುದು. ಎಂ.ಎಸ್. ಆದರೆ ಬೇಸಿಗೆ ರಜೆಯಲ್ಲೂ ದುಡಿದು ಅದೇ ಅವಧಿಯಲ್ಲಿ ಮುಗಿಸುವವರಿದ್ದಾರೆ. ಪಿಎಚ್.ಡಿ. ಆದರೆ ಇನ್ನೂ ಹಲವು ವರ್ಷ ಸೇರುತ್ತವೆ.

ಪೋಷಕರು ಗಮನಿಸಬೇಕಾದದ್ದು ಇಲ್ಲಿದೆ. ಓ.ಡಿ.ಯ ಶುಲ್ಕ ಭಾರಿ. ಬಹಳ ಮಂದಿ ಸಾಲ ಮಾಡಿಯೇ ಓದುತ್ತಾರೆ. ಪಿಎಚ್.ಡಿ. ವಿದ್ಯಾರ್ಥಿಗಳಿಗಾದರೋ ಸಾಮಾನ್ಯವಾಗಿ ಶುಲ್ಕ ವಿನಾಯಿತಿ, ವೇತನ ದೊರೆಯುತ್ತದೆ. ಅಲ್ಲಿನ ಸರ್ಕಾರದ ಸಂಶೋಧನಾ ತರಬೇತಿ ಅನುದಾನಗಳು ಮಾತ್ರ ಬಹುಮಟ್ಟಿಗೆ ಆ ದೇಶದ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲು. ನಮ್ಮ ಬಿ.ಆಪ್ಟಮ್ ಇದ್ದ ಮಾತ್ರಕ್ಕೆ ಅಲ್ಲಿ ರೋಗಿಗಳನ್ನು ಪರೀಕ್ಷಿಸುವಂತಿಲ್ಲ, ಪಿಎಚ್.ಡಿ. ಪಡೆದರೂ ಆ ಅನುಮತಿ ಬರುವುದಿಲ್ಲ. ಸಂಶೋಧನೆಯೇ ಗುರಿಯಾದರೆ ಓ.ಡಿ. ಕಡ್ಡಾಯವೂ ಅಲ್ಲ.

ಆದ್ದರಿಂದ ಅವಳಿಗೆ ಹೇಳಿದೆ: ಇಂಟರ್ನ್‌ಶಿಪ್‌ನಲ್ಲಿ ಒಂದು ನೋಟ್‌ಪುಸ್ತಕ ಇಡು. "ಇದು ಹೀಗೇಕೆ?" ಎಂದು ಅನ್ನಿಸಿದ್ದನ್ನೆಲ್ಲ ಬರೆ. ಬಳಿಕ ಒಂದೆರಡು ವರ್ಷ ಚಿಕಿತ್ಸೆ, ಸಂಶೋಧನೆ ಎರಡೂ ಇರುವ ಕಡೆ ದುಡಿ. ಚೆನ್ನೈನ ಎಲೈಟ್ ಸ್ಕೂಲ್ ಆಫ್ ಆಪ್ಟೊಮೆಟ್ರಿ, ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ನಮ್ಮ ಮಣಿಪಾಲ ಅಂಥವು. ಪುಸ್ತಕದ ಪ್ರಶ್ನೆಗಳು ಆಗಲೂ ಕಾಡುತ್ತಿದ್ದರೆ ಅರ್ಜಿ ಹಾಕು. ಹಾಕುವಾಗ ಮೂರು ವಿಷಯ ಕೇಳಿಕೊ: ಮಾರ್ಗದರ್ಶಕರು ಯಾರು? ಚಿಕಿತ್ಸಾ ತರಬೇತಿ ಯಾವ ವರ್ಷಗಳಲ್ಲಿ? ಹಣ ಎಷ್ಟು ವರ್ಷದವರೆಗೆ ಸಿಗುತ್ತದೆ?

ತಂದೆಗೆ ಹೇಳಿದ್ದು ಇಷ್ಟೇ: "ಆ ಮೂರನೆಯ ಉತ್ತರ ಕಾಗದದಲ್ಲಿ ಬರುವವರೆಗೆ ತೋಟದ ಪತ್ರ ಪೆಟ್ಟಿಗೆಯಲ್ಲೇ ಇರಲಿ."